ಮೊದಲಿಗ

ಗೋಕುಳ ಶಿರಗಾಂವದ ಕಾರ್ಖಾನೆಗಳ ಸಾಲಿನಲ್ಲಿ, ಎರಕ ಹೊಯ್ಯುವ ಒಂದು ದೊಡ್ಡ ಶೆಡ್ಡಿನ ಹಿಂದೆ, ತಗಡಿನ ಮಾಡಿನ ಎರಡು ಖೋಲಿಗಳಿದ್ದವು. ಅಲ್ಲಿ ಅಣ್ಣ ತಂಗಿ ಕೂಡಿ ಸಣ್ಣದೊಂದು ಉದ್ಯೋಗ ನಡೆಸುತ್ತಿದ್ದರು. ಅಣ್ಣ ಅಭಯಕುಮಾರ ಊರೂರು ತಿರುಗಿ ಗಿರಾಕಿಗಳನ್ನು ಹಿಡಿಯುವವನು, ಯಂತ್ರಗಳನ್ನು ಕೂಡಿಸಿ ಬರುವವನು. ತಂಗಿ ಮೃಣಾಲ ಕಂಪ್ಯೂಟರಿನ ಮುಂದೆ ಕೂತು ಆ ಯಂತ್ರಗಳಿಗೆ ಬುದ್ಧಿ ಹೇಳುವವಳು.

ಮೂಲ ಗಡಹಿಂಗ್ಲಜದವರು. ಮನೆಯಲ್ಲಿ ಕನ್ನಡ, ಓಣಿಗೆ ಇಳಿದರೆ ಮರಾಠಿ. ತಂದೆ ತೀರಿಕೊಂಡಾಗ ಮೃಣಾಲ ಇನ್ನೂ ಸಾಲಿಗೆ ಹೋಗುವ ಹುಡುಗಿ. ಹತ್ತನೆಯ ಇಯತ್ತೆ ಮುಗಿಯುತ್ತಲೇ ಕಾಕಾಗಳು ಲಗ್ನದ ಮಾತು ತೆಗೆದರು. ಆಗ ಅಭಯಕುಮಾರ ಎಲ್ಲರ ನಡುವೆ ಎದ್ದು ನಿಂತು, "ಆಕಿ ಕಲಿಯೂದ ಬಿಡಿಸಿದ್ರ ನಾನೂ ಮನಿ ಬಿಟ್ಟು ಹೋಗತೇನಿ" ಅಂದ. ಮೃಣಾಲಳ ಮೊದಲ ಕಂಪ್ಯೂಟರನ್ನು ಕೊಲ್ಲಾಪುರದಿಂದ ಎಸ್ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಎರಡೂ ಕೈಯಿಂದ ಎತ್ತಿ ಹಿಡಿದು ತಂದವನು ಅವನು. ಆ ಕಥೆಯನ್ನು ಅವ್ವ ಚಂಪಾಬಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮೃಣಾಲ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಕೇಳುತ್ತಿದ್ದಳು.

ಅವರು ಮಾಡುತ್ತಿದ್ದದ್ದು ಇಚಲಕರಂಜಿಯ ಸೈಝಿಂಗ್ ಕಾರ್ಖಾನೆಗಳಿಗೆ ಬೇಕಾದ ಒಂದು ಪೆಟ್ಟಿಗೆ. ಮಗ್ಗಕ್ಕೆ ಏರುವ ಮೊದಲು ಹಾಸಿನ ನೂಲಿಗೆ ಗಂಜಿ ಕುಡಿಸಿ, ಉಗಿಯಿಂದ ಕಾದ ದೊಡ್ಡ ಉರುಳೆಗಳ ಮೇಲೆ ಹಾಯಿಸಿ ಒಣಗಿಸಬೇಕು, ಅದೇ ಸೈಝಿಂಗ್. ಅಲ್ಲಿ ಕರೆಂಟು ಒಮ್ಮೊಮ್ಮೆ ಕಣ್ಣು ಮಿಟುಕಿಸಿದಂತೆ ಹೋಗಿ ಬಂದುಬಿಡುತ್ತದೆ. ಅಷ್ಟರಲ್ಲಿ ಉರುಳೆಗಳು ನಿಂತಿರುತ್ತವೆ, ಉಗಿ ಮಾತ್ರ ನುಗ್ಗುತ್ತಲೇ ಇರುತ್ತದೆ, ನಿಂತ ನೂಲು ನಿಂತಲ್ಲೇ ಕರಕಾಗುತ್ತದೆ. ಗೋಡೆಗೆ ಹಚ್ಚಿದ ಇವರ ಪೆಟ್ಟಿಗೆ, ಕರೆಂಟು ಮರಳಿದ ಕೂಡಲೇ ಎದ್ದು, ಮೊದಲು ಉಗಿಯ ವಾಲ್ವ್ ಮುಚ್ಚಬೇಕು.

ಪೆಟ್ಟಿಗೆಯೊಳಗೆ ಇದ್ದದ್ದು ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರು. ಲಿನಕ್ಸ್ ಏಳುವಾಗ ಎಲ್ಲಕ್ಕಿಂತ ಮೊದಲು ಒಂದು ಪ್ರೋಗ್ರಾಮು ಕಣ್ಣು ತೆರೆಯುತ್ತದೆ. ಉಳಿದವುಗಳನ್ನು ಯಾವುದರ ಹಿಂದೆ ಯಾವುದನ್ನು ಎಬ್ಬಿಸಬೇಕು, ಯಾವುದು ಬಿದ್ದರೆ ಮತ್ತೆ ಎತ್ತಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ. ಜಗತ್ತೆಲ್ಲ ಬಳಸುವ ಪ್ರೋಗ್ರಾಮು ಭಾರಿಯದು. ಈ ಪುಟ್ಟ ಪೆಟ್ಟಿಗೆಯಲ್ಲಿ ಅದು ಮೈಮುರಿದು ಏಳುವುದರೊಳಗೆ ನೂಲು ಸುಟ್ಟು ಹೋಗಿರುತ್ತಿತ್ತು. ಅದಕ್ಕೇ ಮೃಣಾಲ ತನ್ನದೇ ಒಂದನ್ನು ಬರೆದಳು. ಎಲ್ಲರಿಗಿಂತ ಮೊದಲು ಏಳುವವನು ಎಂದು ಅದಕ್ಕೆ ಮೊದಲಿಗ ಎಂಬ ಹೆಸರಿಟ್ಟಳು.

ಒಂದು ಮಳೆಗಾಲ ಪೂರ್ತಿ ಅವಳು ಇಚಲಕರಂಜಿಯ ತಾತ್ಯಾಸಾಹೇಬರ ಸೈಝಿಂಗಿನಲ್ಲಿ, ಗಂಜಿಯ ವಾಸನೆಯ ನಡುವೆ, ಒಂದು ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ತಾತ್ಯಾಸಾಹೇಬರು ತಂದೆಯ ಸ್ನೇಹಿತರು. "ನಮ್ಮ ಮಶೀನಿನ ಮ್ಯಾಲೆ ಕಲಿ, ಕೆಟ್ರ ನಂದ ಕೆಡಲಿ" ಎಂದು ಜಾಗ ಕೊಟ್ಟವರು. ಮಶೀನು ನಡೆಸುವ ಜ್ಞಾನು ಅವಳು ಹೇಳಿದಾಗಲೆಲ್ಲ ಸ್ವಿಚ್ ಕೆಡವಿ ಮತ್ತೆ ಎತ್ತುತ್ತಿದ್ದ. ಪೆಟ್ಟಿಗೆ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಒಂದು ವಾರ ಅದು ಅರ್ಧಕ್ಕೆ ಎದ್ದು ಸುಮ್ಮನೆ ಕೂತುಬಿಡುತ್ತಿತ್ತು. ಹುಡುಕಿ ಹುಡುಕಿ ನೋಡಿದರೆ, ಉಷ್ಣತೆ ನೋಡುವ ಪ್ರೋಗ್ರಾಮು ಪರದೆಯದು ಏಳಲಿ ಎಂದು ಕಾಯುತ್ತಿತ್ತು, ಪರದೆಯದು ಉಷ್ಣತೆಯದು ಏಳಲಿ ಎಂದು ಕಾಯುತ್ತಿತ್ತು.

"ಲಗ್ನದ ಊಟಕ್ಕ ಇಬ್ರು ಬೀಗರು 'ನೀವು ಮೊದಲ ಕೂಡ್ರಿ, ನೀವು ಮೊದಲ ಕೂಡ್ರಿ' ಅಂದಂಗ ಆತಲ್ರಿ ಅಕ್ಕಾರ," ಎಂದು ಜ್ಞಾನು ಬಿದ್ದು ಬಿದ್ದು ನಕ್ಕಿದ್ದ.

ಕೊನೆಗೆ ಮೊದಲಿಗ ಹದಕ್ಕೆ ಬಂತು. ವಾಲ್ವಿನ ಪ್ರೋಗ್ರಾಮು ಯಾರನ್ನೂ ಕಾಯುವಂತಿಲ್ಲ, ಅದೇ ಮೊದಲು ಏಳಬೇಕು. ಅದು ಎದ್ದಿತು ಎಂದು ಮೊದಲಿಗ ಗುರುತು ಹಾಕಿಕೊಂಡ ಮೇಲೆ ಪೆಟ್ಟಿಗೆಯ ಹಸಿರು ದೀಪ ಹೊತ್ತುತ್ತದೆ. ಹಸಿರು ಹೊತ್ತಿತೆಂದರೆ ಉಗಿ ನಿಂತಿತು ಎಂದರ್ಥ. ಕೆಲಸಗಾರರಿಗೆ ಅಷ್ಟು ತಿಳಿದರೆ ಸಾಕಿತ್ತು. ಎರಡು ವರ್ಷ ಒಂದು ದೂರೂ ಬರಲಿಲ್ಲ. ಇಚಲಕರಂಜಿಯ ಹಲವು ಸೈಝಿಂಗುಗಳ ಗೋಡೆಗೆ ಆ ಪೆಟ್ಟಿಗೆ ಏರಿತು.

ಆಮೇಲೆ ಪುಣೆಯ ಒಂದು ದೊಡ್ಡ ಕಂಪನಿಯವರು ಬಂದರು. ಪೆಟ್ಟಿಗೆಯನ್ನು ಮೆಚ್ಚಿದರು, ನಿಮ್ಮ ಉದ್ಯೋಗವನ್ನು ನಮ್ಮೊಳಗೆ ಕೂಡಿಸಿಕೊಳ್ಳುತ್ತೇವೆ ಎಂದರು. ಷರತ್ತು ಒಂದೇ: ಮೊದಲಿಗನನ್ನು ತೆಗೆದು ಎಲ್ಲರೂ ಬಳಸುವ ಪ್ರೋಗ್ರಾಮನ್ನೇ ಹಾಕಬೇಕು. ಒಬ್ಬಳೇ ಬರೆದದ್ದು, ಒಬ್ಬಳಿಗೇ ತಿಳಿದದ್ದು; ಅದನ್ನು ನಂಬಿ ದೇಶದ ತುಂಬ ಮಾಲು ಕಳಿಸಲಾಗದು ಎಂದರು.

ಅಭಯನಿಗೆ ಅದು ಸರಿ ಅನ್ನಿಸಿತು. ಮೃಣಾಲ ಒಪ್ಪಲಿಲ್ಲ.

"ಅವರದನ್ನ ಹಾಕಿದ್ರೂ ವಾಲ್ವ್ ಮುಚ್ಚತೈತಲ್ಲ ಮೃಣೂ," ಅಂದ ಅವನು.

"ಮುಚ್ಚತೈತಿ, ಆದ್ರ ತಡಾ ಆಗತೈತಿ. ಇಚಲಕರಂಜಿ ಕರೆಂಟ ಅವರು ನೋಡ್ಯಾರೇನು?"

"ಹಟಾ ಮಾಡಬ್ಯಾಡ. ಎಷ್ಟು ದಿನಾ ಈ ತಗಡಿನ ಕೆಳಗ ಕೂಡೂದು?"

"ಹಟಾ ಅಲ್ಲ ಅಣ್ಣಾ. ನನ್ನ ಮೊದಲಿಗನೊಳಗ ತಪ್ಪ ಇದ್ರ, ಚೂಕ ಇದ್ರ ತೋರಸು. ಒಂದು ಚೂಕ ತೋರಸು, ನಾನಾಗೇ ತಗದ ಒಗೀತೇನಿ."

ಅಭಯ ಅವಳ ಮುಖವನ್ನೇ ನೋಡಿದ. ಮತ್ತೆ ಆ ವಿಷಯ ಎತ್ತಲಿಲ್ಲ. ಅಣ್ಣ ತನ್ನ ಮಾತಿಗೆ ಬೆಲೆ ಕೊಟ್ಟ ಎಂದು ಮೃಣಾಲ ಒಳಗೊಳಗೇ ಹಿಗ್ಗಿದಳು.

ಶ್ರಾವಣ ಕಳೆಯುತ್ತಿದ್ದಂತೆ ಇಚಲಕರಂಜಿಯಿಂದ ಫೋನು ಬರತೊಡಗಿದವು. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ವಾಲ್ವ್ ಮುಚ್ಚುತ್ತಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಮುಚ್ಚುತ್ತದೆ, ನೂಲು ಅಂಟಿಕೊಂಡು ಕೂಡುತ್ತದೆ ಎಂದು ದೂರು. ಪ್ರತಿ ಸಲ ಅಲ್ಲ, ಒಮ್ಮೊಮ್ಮೆ. ಮೃಣಾಲ ಹೊರಡುತ್ತೇನೆ ಅಂದರೆ ಅಭಯ ತಡೆಯುತ್ತಿದ್ದ. "ನೀ ಯಾಕ ಅಡ್ಡಾಡತಿ? ಪೆಟಗಿ ಬಿಚಗೊಂಡು ನಾನ ತರತೇನಿ, ಇಲ್ಲೇ ಕೂತ ನೋಡು." ಅವನು ತಂದು ಮೇಜಿನ ಮೇಲೆ ಇಡುತ್ತಿದ್ದ. ಇವಳು ಕರೆಂಟು ತೆಗೆದು, ಕೊಟ್ಟು, ಮತ್ತೆ ತೆಗೆದು, ಮತ್ತೆ ಕೊಟ್ಟು ನೋಡುತ್ತಿದ್ದಳು. ಪೆಟ್ಟಿಗೆ ಗಡಿಯಾರದಂತೆ ಸರಿಯಾಗಿ ಏಳುತ್ತಿತ್ತು. ದುರಸ್ತಿಯಾಯಿತು ಎಂದು ಅಭಯ ಒಯ್ದು ಹಚ್ಚಿ ಬರುತ್ತಿದ್ದ. ಒಂದೆರಡು ವಾರದಲ್ಲಿ ಮತ್ತೆ ಅದೇ ಫೋನು.

ಅಲ್ಲಿ ಕಾಣುವ ತಪ್ಪು ಇಲ್ಲಿ ಕಾಣುವುದಿಲ್ಲ ಎಂದರೆ ಅದಕ್ಕಿಂತ ದೊಡ್ಡ ಪೀಡೆ ಇಲ್ಲ. ಮೃಣಾಲ ತಾನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಮತ್ತೆ ಓದಿದಳು. ಎರಡು ವರ್ಷ ನಿಶ್ಚಿಂತೆಯಿಂದ ಇದ್ದ ಸಾಲುಗಳನ್ನೂ ಅನುಮಾನದಿಂದ ಕೆದಕಿದಳು, ಒಂದನ್ನೂ ಬದಲಿಸಲು ಕಾರಣ ಸಿಗಲಿಲ್ಲ. ವಿದ್ಯುತ್ತಿನ ಏರಿಳಿತವನ್ನು ಬೇಕೆಂದೇ ತಂದು ನೋಡಿದಳು, ಪೆಟ್ಟಿಗೆಯನ್ನು ಬಿಸಿ ಮಾಡಿ ನೋಡಿದಳು, ಗಂಜಿಯ ಆವಿ ಒಳಗೆ ಹೋಗಿರಬಹುದೇ ಎಂದು ಬಿಚ್ಚಿ ನೋಡಿದಳು. ಊಟದ ಡಬ್ಬಿ ಹಾಗೇ ಮನೆಗೆ ಮರಳುತ್ತಿತ್ತು. ಕೊನೆಗೆ ಬಸ್ಸಿನಲ್ಲಿ ಯಾರಾದರೂ ಎರಡು ಸಲ ಅದೇ ಪ್ರಶ್ನೆ ಕೇಳಿದರೆ, ತಾನು ಮೊದಲು ಕೊಟ್ಟ ಉತ್ತರ ತಪ್ಪಿತ್ತೇನೋ ಎಂದು ಅವಳಿಗೆ ಅನ್ನಿಸತೊಡಗಿತು.

ಅಭಯ ಮಾತ್ರ ಅವಳ ಮುಂದೆ ಚಹಾ ತಂದಿಟ್ಟು, "ಸಿಗಲಿಲ್ಲೇನು?" ಎಂದು ಮೆತ್ತಗೆ ಕೇಳುತ್ತಿದ್ದ.

"ಇಲ್ಲ ಅಣ್ಣಾ."

"ಹೋಗ್ಲಿ ಬಿಡು. ಮನಷ್ಯಾ ಅಂದ ಮ್ಯಾಲೆ ತಪ್ಪ ಆಗತಾವ."

ನವರಾತ್ರಿಯ ಹಿಂದುಮುಂದಿನ ಒಂದು ಮಧ್ಯಾಹ್ನ ತಾತ್ಯಾಸಾಹೇಬರ ಸೈಝಿಂಗಿನಲ್ಲಿ ಕರೆಂಟು ಹೋಗಿ ಬಂತು. ಉರುಳೆಗಳು ನಿಂತವು. ಜ್ಞಾನು ಗೋಡೆಯ ಕಡೆ ನೋಡಿದ. ಹಸಿರು ದೀಪ ಹೊತ್ತಿತ್ತು. ಉಗಿ ನಿಂತಿದೆ ಎಂಬ ಭರವಸೆಯಿಂದ, ದಿನಾ ಮಾಡುವಂತೆ, ಉರುಳೆಯ ತಳದಲ್ಲಿ ನಿಂತ ನೀರು ಬಿಡಲು ಅಲ್ಲಿನ ನಳದ ಚಾವಿ ತಿರುವಿದ. ನೀರಿನ ಬದಲು ಸುಡುವ ಉಗಿ ಅವನ ಬಲಗೈ ಮೇಲೆ ಬುಸ್ಸೆಂದು ಹೊಡೆಯಿತು.

ಅಣ್ಣ ತಂಗಿ ಇಬ್ಬರೂ ದವಾಖಾನೆಗೆ ಓಡಿದರು. ಜ್ಞಾನುವಿನ ಕೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ಬಾಯಲ್ಲಿ ಏನೋ ಗುನುಗುತ್ತಿದ್ದ. ಹೆಂಡತಿ ಹಿರಾಬಾಯಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನರ್ಸಬಾಯಿ ಮರಾಠಿಯಲ್ಲಿ, ಗದ್ದಲ ಮಾಡಬೇಡಿ, ಒಬ್ಬರೇ ಒಳಗೆ ಬನ್ನಿ ಎಂದು ಗದರಿದರೂ ಮೃಣಾಲ ಕೇಳಿಸಿಕೊಳ್ಳಲಿಲ್ಲ. ಹೋದವಳೇ ಜ್ಞಾನುವಿನ ಕಾಲು ಹಿಡಿದಳು.

"ನನ್ನಿಂದ ಆತು ಜ್ಞಾನೂ. ನಾ ಬರದದ್ದರಾಗ ಎಲ್ಲೋ ತಪ್ಪೈತಿ. ನನಗ ಸಿಗವಲ್ತು."

"ಕಾಲ ಬಿಡ್ರಿ ಅಕ್ಕಾರ," ಎಂದ ಜ್ಞಾನು, ಕಣ್ಣು ತೆರೆಯದೆ. "ಬೇಕಂತ ಯಾರರ ಮಾಡತಾರನ?"

ಅಭಯ ಹಿಂದೆ ನಿಂತಿದ್ದ. ಬಾಗಿ ತಂಗಿಯ ಭುಜ ಹಿಡಿದು ಎಬ್ಬಿಸಿದ.

ಮರುದಿನ ಮೃಣಾಲ ತಾನಾಗಿ ಅಣ್ಣನ ಮೇಜಿನ ಮುಂದೆ ಹೋಗಿ ನಿಂತಳು. "ಮೊದಲಿಗನ್ನ ತಗದಬಿಡು ಅಣ್ಣಾ. ಪುಣೆದವರಿಗೆ ಹೂಂ ಅನ್ನು. ನನ್ನ ಕೈಯಾಗ ಇನ್ನ ಆ ಕೆಲಸಾ ಕೊಡಬ್ಯಾಡ." ಅಭಯ ಎದ್ದು ಬಂದು ಅವಳ ತಲೆಯ ಮೇಲೆ ಕೈ ಇಟ್ಟ. ಆ ಕೈಯ ಬಿಸುಪಿಗೆ ಅವಳಿಗೆ ದುಃಖ ಉಕ್ಕಿ ಬಂತು. ಸಣ್ಣ ಹುಡುಗಿಯಂತೆ ಅವನ ಎದೆಗೆ ಮುಖ ಒತ್ತಿ ಅತ್ತಳು. ಕೆಲವು ದಿನ ಅವ್ವನ ಹತ್ತಿರ ಇದ್ದು ಬಾ ಎಂದು ಅವನೇ ಬಸ್ಸು ಹತ್ತಿಸಿದ.

ಗಡಹಿಂಗ್ಲಜದಲ್ಲಿ ಅವಳು ಏನೂ ಮಾಡಲಿಲ್ಲ. ಅವ್ವನ ಜೊತೆ ಬಸದಿಗೆ ಹೋಗುವುದು, ಬರುವುದು, ಶೇಂಗಾ ಒಡೆಯುತ್ತ ಕೂಡುವುದು. ಒಂದು ಬೆಳಿಗ್ಗೆ ತಾತ್ಯಾಸಾಹೇಬರ ಫೋನು ಬಂತು.

"ಅಭಯ ಹೊಸಾ ಪೆಟಗಿ ಹಚ್ಚತೇನಿ ಅನ್ನಾಕತ್ತಾನ. ನನಗ ಯಾಕೋ ಮನಸಿಲ್ಲವಾ. ಹಳೇದ ಎರಡು ವರ್ಷ ಎಷ್ಟ ಛಲೋ ನಡದಿತ್ತು. ಅದರಾಗ ಮೊದಲಿಂದ ಇದ್ದದ್ದನ್ನ ತಿರಗಿ ಹಾಕಾಕ ಬರೂದಿಲ್ಲೇನು?"

"ಮೊದಲಿಂದ ಇದ್ದದ್ದ ಈಗೂ ಐತಿ ಕಾಕಾ. ನಾ ಏನೂ ಬದಲಿ ಮಾಡಿದ್ದಿಲ್ಲ."

"ಮಾಡಿದ್ದಿಲ್ಲ ಅಂದ್ರ? ಶ್ರಾವಣದಾಗ ಅಭಯ ಬಂದು ಹಾಕಿ ಹೋದನಲ್ಲ. 'ತಂಗಿ ಸುಧಾರಿಸಿ ಬರದಾಳ' ಅಂದ. ಅವತ್ತಿನಿಂದನ ಇದರ ಸೊಂಟಾ ಬಿದ್ದೈತಿ."

ಮೃಣಾಲಳ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಶ್ರಾವಣದಲ್ಲಿ ಅವಳು ಏನೂ ಬರೆದಿರಲಿಲ್ಲ. ದೂರುಗಳು ಬಂದದ್ದೇ ಅದರ ಮೇಲೆ. ಕಾಕಾನಿಗೆ ವಯಸ್ಸಾಯಿತು, ಹಿಂದುಮುಂದು ಮಾಡಿ ಹೇಳುತ್ತಿರಬಹುದು ಎಂದುಕೊಂಡಳು. ಆದರೂ, "ಇವತ್ತ ಬರತೇನಿ ಕಾಕಾ, ಪೆಟಗಿಗೆ ಯಾರ ಕೈನೂ ಹಚ್ಚಗೊಡಬ್ಯಾಡ್ರಿ" ಎಂದು ಹೇಳಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಸಂಕೇಶ್ವರ, ನಿಪ್ಪಾಣಿ, ಕಾಗಲ ದಾಟಿ ಇಚಲಕರಂಜಿ ಮುಟ್ಟುವವರೆಗೆ ಕಿಟಕಿಯ ಹೊರಗೆ ನೋಡಿದ್ದೊಂದೂ ಅವಳಿಗೆ ನೆನಪಿಲ್ಲ.

ಜ್ಞಾನುವಿನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ಮೃಣಾಲ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಲಿಲ್ಲ. ಅದು ಇದ್ದಂತೆಯೇ ತಂತಿ ಜೋಡಿಸಿ ಒಳಗೆ ಇಣುಕಿದಳು. ಪ್ರೋಗ್ರಾಮಿಗೂ ಹೆಬ್ಬೆಟ್ಟಿನ ಗುರುತು ಇದ್ದಂತೆ ಒಂದು ಗುರುತು ತೆಗೆಯಬಹುದು. ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗಿಬಿಡುತ್ತದೆ. ತನ್ನ ಹತ್ತಿರ ಇದ್ದ ಮೊದಲಿಗನ ಗುರುತು ತೆಗೆದಳು. ಗೋಡೆಯ ಮೇಲಿದ್ದ ಮೊದಲಿಗನದು ತೆಗೆದಳು. ಎರಡೂ ತಾಳೆಯಾಗಲಿಲ್ಲ.

ಇದು ತಾನು ಮಾಡಿದ ಮೊದಲಿಗ ಅಲ್ಲ.

ಅವಳಿಗೊಂದು ಸಂತೋಷವೂ ಆಯಿತು, ಅದನ್ನು ನೆನೆದರೆ ಅವಳಿಗೆ ಆಮೇಲೆ ನಾಚಿಕೆಯಾಗುತ್ತಿತ್ತು. ತನ್ನ ತಪ್ಪಲ್ಲ! ಯಾವನೋ ಹೊರಗಿನವನು ನುಗ್ಗಿದ್ದಾನೆ, ಅಣ್ಣನಿಗೆ ಈಗಲೇ ಹೇಳಬೇಕು ಎಂದು ಫೋನು ತೆಗೆದಳು. ಹೇಳುವ ಮೊದಲು ಇನ್ನೊಂದಿಷ್ಟು ನೋಡಿಬಿಡೋಣ ಎಂದು ಕೆಳಗಿಟ್ಟಳು. ಪ್ರೋಗ್ರಾಮನ್ನು ಯಾವ ಕಂಪ್ಯೂಟರಿನ ಯಾವ ಕಡತಕೋಶದಲ್ಲಿ ಕಟ್ಟಿದರು ಎಂಬ ದಾರಿ ಎಷ್ಟೋ ಸಲ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಉಳಿದಿರುತ್ತದೆ. ಅದರೊಳಗಿನ ಓದಲು ಬರುವ ಅಕ್ಷರಗಳನ್ನಷ್ಟೇ ಹೆಕ್ಕಿ ಪರದೆಯ ಮೇಲೆ ತಂದಳು. ಅಭಯ ಎಂಬ ಹೆಸರು ಬಂತು. ಅದರ ಮುಂದೆ, ಅವನ ಲ್ಯಾಪ್‌ಟಾಪಿನ ಒಂದು ಕೋಶದ ಹೆಸರು: ಮೃಣು.

ಆ ಕೋಶವನ್ನು ಮಾಡಿಕೊಟ್ಟವಳು ಅವಳೇ. "ನಿನಗ ಜ್ವರಾ ಗಿರಾ ಬಂದು ಮಲಗಿದ್ರ ಕೆಲಸಾ ನಿಂದರಬಾರದು, ಮೊದಲಿಗನ್ನ ಕಟ್ಟೂದು ನನಗೂ ಒಂದಿಷ್ಟು ಕಲಸು" ಎಂದು ಅಣ್ಣ ಕೇಳಿದ್ದ. ಪಕ್ಕದಲ್ಲಿ ಕೂತು ಕಲಿಸಿದ್ದಳು. ಎಲ್ಲಿ ಏನು ಬದಲಿಸಿದರೆ ಏನಾಗುತ್ತದೆ ಎಂದೂ ತೋರಿಸಿದ್ದಳು.

ಒಳಗೆ ಬದಲಾದದ್ದು ಬಹಳಿರಲಿಲ್ಲ. ಕೆಲವು ಸಲ, ಎಲ್ಲ ಸಲ ಅಲ್ಲ, ಮೊದಲಿಗ ವಾಲ್ವಿನ ಪ್ರೋಗ್ರಾಮು ಎದ್ದಿತು ಎಂದು ಗುರುತು ಹಾಕಿಕೊಂಡುಬಿಡುತ್ತಿತ್ತು, ದೀಪ ಹೊತ್ತಿಸುತ್ತಿತ್ತು, ಆಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಅದರ ಮೇಲೆ ನಿಜವಾಗಿ ಎಬ್ಬಿಸುತ್ತಿತ್ತು. ಪೆಟ್ಟಿಗೆಯನ್ನು ಅವಳ ಮೇಜಿಗೆ ತರುವ ಮೊದಲು ಅಣ್ಣ ಸರಿಯಾದದ್ದನ್ನು ಹಾಕಿ, ಒಯ್ದು ಹಚ್ಚುವಾಗ ಮತ್ತೆ ಇದನ್ನೇ ಹಾಕುತ್ತಿದ್ದ; ಅದಕ್ಕೇ ಅಲ್ಲಿ ಏನೂ ಕಂಡಿರಲಿಲ್ಲ.

ತಾತ್ಯಾಸಾಹೇಬರು ನೀರು ತರಿಸಿ ಮುಂದಿಟ್ಟರು. "ಏನ ಸಿಕ್ತವಾ?"

"ನಾಳೆ ಹೇಳತೇನಿ ಕಾಕಾ" ಎಂದಳು. ಸರಿಯಾದ ಮೊದಲಿಗನನ್ನು ಹಾಕಿ, ಪೆಟ್ಟಿಗೆಯ ಗುಪ್ತಪದ ಬದಲಿಸಿ ಎದ್ದಳು.

ಅಭಯ ಗೋಕುಳ ಶಿರಗಾಂವದಲ್ಲಿ ಪುಣೆಯವರಿಗೆ ಕಳಿಸುವ ಕಾಗದ ಜೋಡಿಸುತ್ತ ಕೂತಿದ್ದ. ತಂಗಿಯನ್ನು ನೋಡಿ ನಕ್ಕ. "ಇಷ್ಟ ಲಗೂ ಬಂದಿ? ಅವ್ವ ಅರಾಮ ಅದಾಳಲ್ಲ?"

"ಇಚಲಕರಂಜಿಯಿಂದ ಬಂದೆ," ಅಂದಳು ಮೃಣಾಲ. "ಗ್ವಾಡಿ ಮ್ಯಾಲಿಂದ ಬಿಚ್ಚದ ನೋಡಿದೆ."

ಅವನ ನಗು ಮುಖದ ಮೇಲೆ ಹಾಗೇ ನಿಂತಿತ್ತು. ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸುಳ್ಳು ಹೇಳುತ್ತಾನೇನೋ ಎಂದು ಅವಳು ಕಾದಳು. ಹೇಳಲಿ ಎಂದು ಕಾದಳು. ಅವನು ಅಲ್ಲವೆಂದಿದ್ದರೆ ಆ ಗಳಿಗೆಯಲ್ಲಿ ನಂಬಿಬಿಡುತ್ತಿದ್ದಳು.

"ಕೂಡು," ಅಂದ.

"ನಿಂತ ಕೇಳತೇನಿ."

"ನೀ ಬ್ಯಾರೆ ದಾರಿನ ಇಡಲಿಲ್ಲ ಮೃಣೂ. 'ಚೂಕ ತೋರಸು' ಅಂದಿ. ಇಲ್ಲದ ಚೂಕ ಎಲ್ಲಿಂದ ತರಲಿ? ನಾ ಏನ ಯಾರಿಗೂ ವಿಷಾ ಹಾಕಲಿಲ್ಲ. ಸ್ವಲ್ಪ ತಡಾ ಆಗಬೇಕು, ನಾಕ ಎಳಿ ನೂಲ ಕೆಡಬೇಕು, ನಿನಗ ಅದರ ಮ್ಯಾಲಿಂದ ಮನಸು ಹೋಗಬೇಕು. ಅಷ್ಟ. ದೀಪಾ ಮೊದಲ ಹತ್ತತೈತಿ ಅಂತ ನನಗ ಹೊಳೀಲಿಲ್ಲ. ಜ್ಞಾನೂನ ಕೈ ಸುಡತೈತಿ ಅಂತ ನಾ ಕನಸು ಕಂಡಿದ್ದೆನೇನು?"

"ಕೈ ಸುಟ್ಟ ಮ್ಯಾಲೆ?"

ಅಭಯ ಮುಂದಿದ್ದ ಪುಣೆಯ ಕಾಗದಗಳ ಅಂಚು ಸರಿಮಾಡತೊಡಗಿದ.

"ಕೈ ಸುಟ್ಟ ಮ್ಯಾಲೆ ಹೇಳಬಹುದಿತ್ತಲ್ಲ ಅಣ್ಣಾ. ನಾ ಅಂವನ ಕಾಲ ಹಿಡದಾಗ ನೀ ಹಿಂದ ನಿಂತಿದ್ದಿ. ನನ್ನ ಎಬ್ಬಿಸಿದಿ. ಇಷ್ಟ ದಿನಾ ಹುಡುಕಿದೆ, ನನಗ ಹುಚ್ಚ ಹಿಡೀತೇನೋ ಅಂತ ಅಂಜಿದೆ. ನೀ ದಿನಾ ಚಹಾ ತಂದಿಟ್ಟು 'ಸಿಗಲಿಲ್ಲೇನು' ಅಂತ ಕೇಳತಿದ್ದಿ. ಯಾಕ ಕೇಳತಿದ್ದಿ ಅದನ್ನ? ಸಿಕ್ಕೀತು ಅಂತ ಅಂಜಿ ಕೇಳತಿದ್ದಿ?"

"ನಿನ್ನ ಸಲುವಾಗೂ ಮಾಡೇನಿ," ಅಂದ ಅಭಯ. ಅವನ ಕಣ್ಣು ತುಂಬಿದ್ದವು, ಅದು ನಾಟಕ ಆಗಿರಲಿಲ್ಲ. "ಸಣ್ಣಾಕಿ ಇದ್ದಾಗಿಂದ ನಿನ್ನ ಸಲುವಾಗಿ ಏನೇನ ಮಾಡೇನಿ, ಅದನ್ನೆಲ್ಲಾ ಇದೊಂದರ ಮುಂದ ಮರತಬಿಡತಿ?"

ಅದೇ ಅವಳಿಗೆ ತಡೆಯಲಾಗಲಿಲ್ಲ. ಮರೆಯಲು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸಿನಲ್ಲಿ ಕಂಪ್ಯೂಟರನ್ನು ಎತ್ತಿ ಹಿಡಿದ ಕೈಗಳೂ ಇವೇ. ಅವಳು ತನ್ನ ಲ್ಯಾಪ್‌ಟಾಪು, ಒಂದಿಷ್ಟು ಸಾಮಾನು ಚೀಲಕ್ಕೆ ಹಾಕಿಕೊಂಡಳು. ಪುಣೆಯ ಕಾಗದಕ್ಕೆ ತಾನು ಸಹಿ ಹಾಕುವುದಿಲ್ಲ ಎಂದಳು. ಜ್ಞಾನುವಿಗೆ, ತಾತ್ಯಾಸಾಹೇಬರಿಗೆ ನೀನಾಗಿ ಹೋಗಿ ಹೇಳು, ಎರಡು ದಿನ ಕಾಯುತ್ತೇನೆ, ಆಮೇಲೆ ನಾನು ಹೇಳುತ್ತೇನೆ ಎಂದಳು.

ಅವನು ಹೋಗಲಿಲ್ಲ. ಅವ್ವನಿಗೆ ಮಾತ್ರ ಹೇಳಿದ್ದ; ಅವಳ ಫೋನು ಬಂತು.

"ಮನಿ ಮಾತ ಮನ್ಯಾಗ ಇರಲವಾ," ಚಂಪಾಬಾಯಿ ಅಳುತ್ತಿದ್ದಳು. "ಊರಾಗ ಗೊತ್ತಾದ್ರ ಅಂವಾ ತಲಿ ಎತ್ತಿ ಅಡ್ಡಾಡತಾನನ? ಆ ಕೆಲಸದವಂದು ಕೈ ಹೆಂಗೂ ವಾಸಿ ಆಗಾಕತ್ತೈತಿ. ನಿನ್ನ ಕಲಿಸಿದ ಅಣ್ಣವಾ ಅಂವಾ."

"ಕಾಲ ಹಿಡದಾಕಿ ನಾ ಅವ್ವಾ. ಆ ತಪ್ಪ ನಂದಲ್ಲಂತ ಜ್ಞಾನೂಗ ಗೊತ್ತಾಗೂದು ಬ್ಯಾಡನ?"

ಅವ್ವನ ಅಳು ನಿಲ್ಲಲಿಲ್ಲ. ಕೊನೆಗೆ ಮೃಣಾಲಳೇ ಫೋನು ಇಟ್ಟಳು.

ಜ್ಞಾನುವಿನ ಮನೆ ಮಗ್ಗಗಳ ಓಣಿಯಲ್ಲಿ. ಗೋಡೆಯ ಆಚೆ ಖಟಾಖಟ್ ಸದ್ದು ನಿಲ್ಲುವುದೇ ಇಲ್ಲ. ಮಾತಾಡುವವರು ದನಿ ಎತ್ತಿಯೇ ಮಾತಾಡಬೇಕು. ಅಂಥ ಮಾತನ್ನು ಕೂಗಿ ಹೇಳಬೇಕಾಯಿತು ಮೃಣಾಲಳಿಗೆ. ಜ್ಞಾನು ಪಟ್ಟಿ ಬಿಚ್ಚಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ. ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಿಗಿದುಕೊಂಡಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಅಂದ್ರ ಬೇಕಂತನ ಮಾಡ್ಯಾರ," ಅಂದ.

"ಹೌದು."

"ಅವತ್ತ ನಾ ಕಣ್ಣ ಮುಚ್ಚಿದ್ದೆ. ಅಣ್ಣಾವ್ರು ಅಲ್ಲೇ ಇದ್ರನ?"

"ಇದ್ದ."

ಹಿರಾಬಾಯಿ ಒಲೆಯ ಮುಂದಿನಿಂದ ಎದ್ದು ಬಂದಳು. "ಈಗ ಬಂದು ಹೇಳಿದ್ರ ಏನ ಆತ್ರಿ? ತಪ್ಪ ನಿಮ್ಮದಲ್ಲ ಅಂತ ನೀವು ಹಗುರ ಆದ್ರಿ. ಇವರ ಬೆರಳ ಮಡಚತಾವನ?" ಎಂದು ಕೇಳಿದಳು. ಹಿರಾಬಾಯಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು; ಹೇಳಿದ ಮೇಲೆ ಅವಳು ಖರೇನೇ ಹಗುರಾಗಿದ್ದಳು. "ನೀವು ಪೊಲೀಸರ ಹತ್ರ ಹೋದ್ರ ನಾ ಸಾಕ್ಷಿ ಹೇಳತೇನಿ" ಎಂದಷ್ಟೇ ಹೇಳಿದಳು. ಯೋಚನೆ ಮಾಡುತ್ತೇನೆ ಎಂದ ಜ್ಞಾನು. ಬಾಗಿಲವರೆಗೆ ಬಂದು, "ಅಕ್ಕಾರ, ಅಣ್ಣಾವ್ರಿಗೆ ಒಮ್ಮೆ ಬಂದು ಹೋಗಾಕ ಹೇಳ್ರಿ. ನಾ ಏನೂ ಅನ್ನೂದಿಲ್ಲ. ಮಾರಿ ನೋಡಬೇಕು ಅಷ್ಟ" ಅಂದ.

ಮೃಣಾಲ ಆ ಮಾತನ್ನು ಇದ್ದದ್ದು ಇದ್ದಂತೆ ಅಣ್ಣನಿಗೆ ಬರೆದು ಕಳಿಸಿದಳು. ಅವನು ಓದಿದ. ಬರಲಿಲ್ಲ.

ಆ ಮೇಲೆ ಅವಳು ಒಂದೊಂದೇ ಸೈಝಿಂಗಿಗೆ ಹೋದಳು. ನಡೆದದ್ದನ್ನು ಮಾಲಕರಿಗೆ ಹೇಳಿ, ಸರಿಯಾದ ಮೊದಲಿಗನನ್ನು ಹಾಕಿ, ಅವರ ಮುಂದೆಯೇ ಕರೆಂಟು ತೆಗೆದು ತೋರಿಸಿದಳು. ಕೆಲವರು ಬೈದರು. ಕೆಲವರು, ನಿಮ್ಮ ಅಣ್ಣ-ತಂಗಿ ಜಗಳದಲ್ಲಿ ನಮ್ಮ ನೂಲು ಯಾಕೆ ಸುಟ್ಟಿರಿ ಎಂದು ಪೆಟ್ಟಿಗೆ ಬಿಚ್ಚಿ ಕೈಗೆ ಕೊಟ್ಟರು. ತಾತ್ಯಾಸಾಹೇಬರೂ ಬಿಚ್ಚಿಸಿದರು. "ನಿನ್ನ ಮ್ಯಾಲೆ ನಂಬಿಕಿ ಐತವಾ. ಆದ್ರ ನಮ್ಮ ಮಂದಿ ಆ ಹಸರ ದೀಪಾ ನೋಡಿದ್ರ ಅಂಜತಾರ. ಉಗಿ ಕೈಲೇ ಬಂದ್ ಮಾಡತೇವಿ ಅಂತಾರ," ಎನ್ನುವಾಗ ಅವರು ಅವಳ ಕಡೆ ನೋಡಲಿಲ್ಲ. ಮೃಣಾಲ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, "ಅಡ್ಡಿಯಿಲ್ಲ ಕಾಕಾ" ಎಂದು ಹೊರಬಿದ್ದಳು.

ಪುಣೆಯ ಮಾತು ಮುರಿಯಿತು. ಅಭಯ ಆ ಕಂಪನಿಯಲ್ಲೇ ನೌಕರಿ ಹಿಡಿದ. ಜ್ಞಾನು ಪೊಲೀಸರಲ್ಲಿಗೆ ಹೋಗಲಿಲ್ಲ. ತಾತ್ಯಾಸಾಹೇಬರು ಅವನನ್ನು ಕೈಗೆ ಭಾರವಿಲ್ಲದ ಕೆಲಸಕ್ಕೆ ಹಾಕಿಕೊಂಡರು. ಮೃಣಾಲ ಇಚಲಕರಂಜಿಯಲ್ಲಿ ಒಂದು ಖೋಲಿ ಹಿಡಿದು, ಉಳಿದ ಕೆಲವೇ ಪೆಟ್ಟಿಗೆಗಳನ್ನು ನೋಡಿಕೊಂಡು ಇದ್ದಾಳೆ. ಮೊದಲಿಗನಿಗೆ ಈಗ ಅವಳ ಗುರುತಿಲ್ಲದ ಯಾವ ಬದಲಾವಣೆಯನ್ನೂ ಒಪ್ಪದಂತೆ ಕಟ್ಟು ಹಾಕಿದ್ದಾಳೆ. ಅದು ಸರಿಯಾಗಿ ಏಳುತ್ತದೆ. ಹಿಂದೆ ಅದು ಎದ್ದಾಗ ಆಗುತ್ತಿದ್ದ ಹಿಗ್ಗು ಮಾತ್ರ ಈಗ ಇಲ್ಲ. ಎದ್ದ ಮೇಲೂ ಎದ್ದಿತೋ ಇಲ್ಲವೋ ಎಂದು ಮತ್ತೊಮ್ಮೆ ನೋಡುತ್ತಾಳೆ.

ದೀಪಾವಳಿ ಕಳೆದ ಮೇಲೆ ಅವ್ವನ ಹಟಕ್ಕೆ ಇಬ್ಬರೂ ಗಡಹಿಂಗ್ಲಜಕ್ಕೆ ಬಂದರು. ಚಂಪಾಬಾಯಿ ಏನೂ ನಡೆದಿಲ್ಲವೆಂಬಂತೆ ಇಬ್ಬರಿಗೂ ಒಂದೇ ಸಾಲಿನಲ್ಲಿ ತಾಟು ಇಟ್ಟಳು. ಹೊತ್ತು ಮುಳುಗುವ ಮೊದಲಿನ ಊಟ. ಅಭಯ ತೆಳ್ಳಗಾಗಿದ್ದ. "ಊಟಾ ಮಾಡು" ಅಂದ. "ಹೂಂ" ಅಂದಳು. ಪುಣೆಯ ನೀರಿನ ಬಗ್ಗೆ ಅವ್ವ ಕೇಳಿದ್ದಕ್ಕೆ ಅವನು ಹೇಳುತ್ತ ಹೋದ. ಮೃಣಾಲ ಕೇಳುತ್ತ ಉಂಡಳು. ಅವನ ದನಿ ಅದೇ ದನಿ. ಅದೇ ಅವಳಿಗೆ ನೋಯುತ್ತಿತ್ತು.

ಊಟ ಮುಗಿದು ಎಲ್ಲರೂ ಪಡಸಾಲೆಗೆ ಬಂದು ಕೂತರು. ಒಳಗೆ ಹಾಲು ಕಾಯಲು ಇಟ್ಟದ್ದು ಚಂಪಾಬಾಯಿಗೆ ನೆನಪಾಯಿತು. "ಗ್ಯಾಸ್ ಹಂಗ ಉಳೀತೇನೋ" ಎಂದು ಮೊಣಕಾಲಿಗೆ ಕೈಕೊಟ್ಟು ಏಳಹೋದಳು.

"ಕೂಡಬೇ ಅವ್ವಾ. ನಾ ಬರೂಮುಂದ ಬಂದ್ ಮಾಡಿ ಬಂದೇನಿ," ಅಂದ ಅಭಯ.

ಚಂಪಾಬಾಯಿ ಕೂತಳು. ಮೃಣಾಲ ಎದ್ದಳು. ಯಾಕೆ ಏಳುತ್ತಿದ್ದೇನೆ ಎಂದು ಅವಳಿಗೇ ಮೊದಲು ತಿಳಿಯಲಿಲ್ಲ. ಅಣ್ಣ ನೋಡುತ್ತಿದ್ದಾನೆ ಎಂದು ಗೊತ್ತಿದ್ದೂ ಅವನ ಮುಂದೆಯೇ ಹಾದು ಒಳಗೆ ಹೋಗಿ, ಒಲೆಯ ಹತ್ತಿರ ಬಾಗಿ ನೋಡಿದಳು.

ಬಂದ್ ಆಗಿತ್ತು.